ಗುರುತೇ ಜಾರಿದ್ರೆ?

ಹಳೇ ಕಾರಿನ ಎಂಜಿನ್‌ಗೆ ಇವತ್ತು ಟೈಮಿಂಗ್ ಲೈಟ್ (ಪ್ಲಗ್‌ನಲ್ಲಿ ಕಿಡಿ ಹಾರಿದಾಗಲೆಲ್ಲ ಮಿನುಗಿ, ಕಿಡಿಯ ಸಮಯ ತೋರಿಸೋ ದೀಪ) ಹಿಡಿದೆ. ಎಂಜಿನ್ ಮುಂದಿನ ಪುಲ್ಲಿ, ಅಂದ್ರೆ ಬೆಲ್ಟ್ ಓಡಿಸೋ ಚಕ್ರದ ಮೇಲಿನ ಗುರುತು ಸರಿಯಾಗಿ, ಇರಬೇಕಾದ 10 ಡಿಗ್ರಿಗೇ ನಿಂತಿದೆ. ಆದ್ರೂ ಏರಿನಲ್ಲಿ ಆಕ್ಸಿಲರೇಟರ್ ಒತ್ತಿದ್ರೆ, ಕಿಡಿ ಬೇಗ ಹಾರಿದಾಗ ಬರೋ ಹಾಗೆ ಟಣಟಣ ಸದ್ದು.

ಪ್ಲಗ್‌ಗಳಿಗೆ ಕಿಡಿ ಹಂಚೋ ಡಿಸ್ಟ್ರಿಬ್ಯೂಟರ್ ಒಳಗೆ, ತೆರೆದು ಮುಚ್ಚಿ ಕಿಡಿ ಹುಟ್ಟಿಸೋ ಪಾಯಿಂಟ್ಸ್ ಗ್ಯಾಪ್ ಮೊದಲೇ ನೋಡಿದ್ದಾಗಿತ್ತು (ಅದು ಜಾಸ್ತಿಯಾದ್ರೆ ಟೈಮಿಂಗೂ ಮುಂದೆ ಹೋಗುತ್ತೆ, ಅಂದ್ರೆ ಕಿಡಿ ಬೇಗ ಹಾರುತ್ತೆ). ಕಿಡಿಯ ಸಮಯ ಬದಲಿಸೋ ವ್ಯಾಕ್ಯೂಮ್ ಪೈಪನ್ನೂ, ಅಳತೆ ಕೆಡದಿರಲಿ ಅಂತ, ಕಳಚಿ ಮುಚ್ಚಿದ್ದೆ.

ಕೊನೆಗೆ ಒಂದನೇ ಸಿಲಿಂಡರ್ ಪ್ಲಗ್ ಬಿಚ್ಚಿ, ಪಿಸ್ಟನ್ ತುತ್ತತುದಿಗೆ ಬರೋ ಜಾಗ ಹಿಡಿದು ನೋಡಿದೆ.
ಆಗ ಸೊನ್ನೆಗೆ ಬರಬೇಕಿದ್ದ ಪುಲ್ಲಿಯ ಗುರುತು ಬೇರೆಲ್ಲೋ ಇದೆ!

ಈ ಪುಲ್ಲಿಯ ಒಳಭಾಗಕ್ಕೂ ಹೊರಬಳೆಗೂ ನಡುವೆ ರಬ್ಬರ್. ವಯಸ್ಸಾಗಿ ಅದು ಹಿಡಿತ ಬಿಟ್ಟು ಬಳೆ ಮೆಲ್ಲಗೆ ಜಾರಿದೆ. ಗುರುತು ಇರೋದೋ, ಬಳೆ ಮೇಲೇ.

ಲೈಟ್ ಪಾಪ, ಕಂಡದ್ದನ್ನೇ ಹೇಳ್ತು. ಇಷ್ಟು ವರ್ಷ ಎಷ್ಟು ಜನ ಸುಮ್ಮನೆ ಡಿಸ್ಟ್ರಿಬ್ಯೂಟರನ್ನ ಬೈದಿರಬಹುದೋ!

ಹೊಸ ಪುಲ್ಲಿ ಬರೋವರೆಗೆ ಗಾಡಿ ಹೊರಗೆ ತೆಗೆಯಲ್ಲ. ಬಳೆ ಕಳಚಿ ಹಾರಿದ್ರೆ ರೇಡಿಯೇಟರ್‌ಗೂ ಕುತ್ತು.