ಕೀಲಿಮಣೆ ಕಳಚಿ ನೋಡಿದ ಮಧ್ಯಾಹ್ನ

ನಮ್ಮ ಕಚೇರಿಯಲ್ಲಿ ಲ್ಯಾಪ್‌ಟಾಪ್‌ಗಳನ್ನು ಬದಲಿಸಬೇಕಾಗಿ ಬಂದಾಗ ಆಯ್ಕೆಯ ಹೊಣೆ ನನ್ನ ಪಾಲಿಗೆ ಬಿತ್ತು. ಜಾಹೀರಾತಿನ ವಿವರಗಳನ್ನು ಓದುತ್ತಾ ಕೂರುವ ಬದಲು, ಕೈಗೆ ಸಿಕ್ಕ ಯಂತ್ರಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಸ್ಕ್ರೂಡ್ರೈವರ್ ಹಿಡಿದು ಬಿಚ್ಚಿಯೇ ನೋಡುವುದೆಂದು ತೀರ್ಮಾನಿಸಿದೆ. ನಮ್ಮದು ದಿನವಿಡೀ ಟೈಪ್ ಮಾಡುವ ಕೆಲಸವಾದ್ದರಿಂದ ಮೊದಲು ಸವೆಯುವುದು ಕೀಲಿಮಣೆಯೇ. ಹಾಗಾಗಿ ಪರೀಕ್ಷೆಯನ್ನು ಅಲ್ಲಿಂದಲೇ ಆರಂಭಿಸಿದೆ.

ಮೊದಲಿಗೆ ತೆರೆದದ್ದು ಲೆನೊವೊ ಕಂಪನಿಯ 2011ರ ಥಿಂಕ್‌ಪ್ಯಾಡ್ ಟಿ420. ತಳಭಾಗದಲ್ಲಿ ಕೀಲಿಮಣೆಯ ಪುಟ್ಟ ಚಿತ್ರವಿರುವ ಸ್ಕ್ರೂಗಳನ್ನು ತೆಗೆದು, ಮೇಲಿನಿಂದ ತುಸು ಸರಿಸಿ ಎತ್ತಿದರೆ ಇಡೀ ಕೀಲಿಮಣೆ ಕೈಗೆ ಬರುತ್ತದೆ. ಅದರ ಕೆಳಗೆ ಚೆಲ್ಲಿದ ನೀರು ಹರಿದುಹೋಗುವುದಕ್ಕೆ ಕಾಲುವೆಯೂ ತಳದಲ್ಲಿ ರಂಧ್ರಗಳೂ ಇವೆ. ಏಳು ಸಾಲಿನ ಕೀಲಿಗಳು, ಕೈಯಳತೆಗೆ ಸಿಗುವ ದೊಡ್ಡ ಡಿಲೀಟ್, ಬಲ ಮೂಲೆಯಲ್ಲಿ ಒಟ್ಟಾಗಿ ಕೂತ ಹೋಮ್, ಎಂಡ್, ಪೇಜ್ ಅಪ್, ಪೇಜ್ ಡೌನ್: ನೋಡದೆಯೇ ಬೆರಳು ಅಲ್ಲಿಗೆ ಹೋಗುತ್ತದೆ. 2012ರ ಟಿ430ರಲ್ಲಿ ಸಾಲುಗಳು ಆರಕ್ಕೆ ಇಳಿದು, ಕೀಲಿಗಳ ನಡುವೆ ಅಂತರ ಬಂತು. ಹೊಸ ಕೀಲಿಗಳ ಮೇಲ್ಮೈಯ ತಗ್ಗೂ ಕೆಳಅಂಚಿನ ಬಾಗುವಿಕೆಯೂ ಬೆರಳಿಗೆ ಹಿತವೇ. ಆದರೆ ಪ್ರಿಂಟ್ ಸ್ಕ್ರೀನ್ ಕೀಲಿಯನ್ನು ಬಲಗಡೆಯ ಆಲ್ಟ್ ಮತ್ತು ಕಂಟ್ರೋಲ್ ನಡುವೆ ತೂರಿಸಿದ್ದೇಕೆ ಎಂಬುದು ನನಗೆ ಇಂದಿಗೂ ಅರ್ಥವಾಗಿಲ್ಲ.

ನಂತರದ್ದು ಹೆಸರು ಹೇಳಬೇಕಾಗಿಲ್ಲದ ಒಂದು ತೆಳುವಾದ ಯಂತ್ರ. ಲೋಹದ ಹೊರಮೈ, ಗಟ್ಟಿ ಹಿಂಜ್, ಮುಚ್ಚಳವನ್ನು ಒಂದೇ ಬೆರಳಲ್ಲಿ ಎತ್ತಬಹುದು. ಆದರೆ ಕೀಲಿಮಣೆಯನ್ನು ತಲುಪಬೇಕಾದರೆ ಬ್ಯಾಟರಿ, ಫ್ಯಾನ್, ಮದರ್‌ಬೋರ್ಡ್ ಎಲ್ಲವನ್ನೂ ಕಳಚಬೇಕು. ಅಷ್ಟು ಮಾಡಿದ ಮೇಲೆ ಕಂಡದ್ದು, ಪ್ಲಾಸ್ಟಿಕ್ ಮೊಳೆಗಳ ತುದಿಯನ್ನು ಕರಗಿಸಿ ಮೇಲ್ಭಾಗಕ್ಕೆ ಖಾಯಂ ಆಗಿ ಕೂರಿಸಿದ ಕೀಲಿಮಣೆ. ಒಂದು ಕೀಲಿ ಕೆಟ್ಟರೂ ಅಂಗೈ ಊರುವ ಭಾಗದ ಸಮೇತ ಬದಲಿಸಬೇಕು.

ಈ ಯಂತ್ರದ ಪೆಟ್ಟಿಗೆಯ ಮೇಲೂ ಎಂಐಎಲ್-ಎಸ್‌ಟಿಡಿ-810 ಎಂಬ ಗುರುತಿತ್ತು. ಅದು ಅಮೆರಿಕದ ರಕ್ಷಣಾ ಇಲಾಖೆಯ ಪರೀಕ್ಷಾ ವಿಧಾನಗಳ ದಾಖಲೆ. ಬೀಳುವಿಕೆ, ಕಂಪನ, ಧೂಳು, ತೇವ ಮೊದಲಾದವುಗಳಲ್ಲಿ ಯಾವುದನ್ನು ಎಷ್ಟರ ಮಟ್ಟಿಗೆ ಪರೀಕ್ಷಿಸಬೇಕೆಂದು ತಯಾರಕರೇ ಆರಿಸಿಕೊಳ್ಳಬಹುದು. ಆದ್ದರಿಂದ ಆ ಗುರುತಿಗಿಂತ ತಯಾರಕರು ಪ್ರಕಟಿಸುವ ದುರಸ್ತಿ ಕೈಪಿಡಿಯ ಮೇಲೆಯೇ ನನಗೆ ಹೆಚ್ಚು ಭರವಸೆ. ಕೀಲಿಮಣೆ ತೆಗೆಯುವ ಪುಟದಲ್ಲಿ ಅದಕ್ಕೂ ಮುನ್ನ ಏನೇನು ಕಳಚಬೇಕೆಂಬ ಪಟ್ಟಿ ಇರುತ್ತದೆ. ಅದರ ಉದ್ದ ನೋಡಿದರೆ ಸಾಕು, ಯಂತ್ರದ ಸ್ವಭಾವ ತಿಳಿಯುತ್ತದೆ.

ಕೊನೆಗೆ ನಮ್ಮ ಚರ್ಚೆ ಥಿಂಕ್‌ಪ್ಯಾಡ್‌ನದೇ ಆದ 2018ರ ಟಿ480 ಮತ್ತು 2019ರ ಟಿ490ರ ನಡುವೆ ನಿಂತಿತು. ಮೊದಲನೆಯದರಲ್ಲಿ ತಾತ್ಕಾಲಿಕ ಮೆಮೊರಿಯಾದ ರ‍್ಯಾಮ್‌ಗೆ ಎರಡು ಸ್ಲಾಟ್‌ಗಳಿವೆ. ಒಳಗಿನ ಬ್ಯಾಟರಿಯ ಜೊತೆಗೆ ಹಿಂದೆ ಕಳಚಬಹುದಾದ ಇನ್ನೊಂದಿದ್ದು, ಯಂತ್ರವನ್ನು ಆರಿಸದೆಯೇ ಅದನ್ನು ಬದಲಿಸಬಹುದು. ಎರಡನೆಯದರಲ್ಲಿ ರ‍್ಯಾಮ್‌ನ ಒಂದು ಭಾಗ ಬೋರ್ಡಿಗೇ ಬೆಸುಗೆಯಾಗಿದೆ, ಹೊರಬ್ಯಾಟರಿ ಇಲ್ಲ. ಪ್ರತಿಯಾಗಿ ದಪ್ಪವೂ ತೂಕವೂ ಕಡಿಮೆ. ಸದಾ ಪ್ರಯಾಣದಲ್ಲಿರುವ ಸಹೋದ್ಯೋಗಿ ಟಿ490 ಬೇಕೆಂದರು, ಅವರ ಹೆಗಲಿನ ಲೆಕ್ಕ ಸರಿಯಾಗಿಯೇ ಇತ್ತು. ಮೇಜಿನಲ್ಲೇ ಕೂತು ಬರೆಯುವ ನಾವೆಲ್ಲ ಟಿ480 ಆರಿಸಿಕೊಂಡೆವು, ಅದರ ಜೊತೆಗೇ ಒಂದು ಬಿಡಿ ಕೀಲಿಮಣೆಯನ್ನೂ ತರಿಸಿದೆವು.