ನೂರು ಆಸೆ, ಒಂದು ಅಚ್ಚು

ನಿವೃತ್ತ ಗಣಿತದ ಮೇಷ್ಟರು, ಬಸ್ ಚಾಲಕ, ದಂತವೈದ್ಯ, ಚರ್ಚಿನ ಪಾದ್ರಿ. ಇವರೆಲ್ಲ ವಾರಕ್ಕೊಂದು ಸಂಜೆ ಒಂದೇ ಕೋಣೆಯಲ್ಲಿ ಸೇರಿ, ಹಲಗೆಯ ಮೇಲೆ ಬೆರಳಗಲದ ಹಳಿ ಹಾಸಿ, ಎಂದೋ ಮುಚ್ಚಿಹೋದ ಯಾವುದೋ ಹಳ್ಳಿಯ ನಿಲ್ದಾಣವನ್ನು ಮತ್ತೆ ಕಟ್ಟುತ್ತಾರೆ ಎಂದರೆ ಊರಿನಲ್ಲಿರುವ ನೀವು ನಂಬುವುದು ಕಷ್ಟ. ಇಂಗ್ಲೆಂಡಿನಲ್ಲಿ ಮಾದರಿ ರೈಲು ದೊಡ್ಡವರ ಹವ್ಯಾಸ. ನಾನಿರುವ ಡರ್ಬಿ ಹೇಳಿಕೇಳಿ ರೈಲಿನ ಊರು. ಹಳೆಯ ಮಿಡ್ಲೆಂಡ್ ರೈಲ್ವೆಯ ಕೇಂದ್ರ ಕಚೇರಿ ಇಲ್ಲೇ ಇತ್ತು, ಇಂದಿಗೂ ಇಲ್ಲಿ ರೈಲುಗಾಡಿಗಳು ತಯಾರಾಗುತ್ತವೆ. ಹೀಗಾಗಿ ನಾನೂ ಒಂದು ಕ್ಲಬ್ಬಿನ ಸದಸ್ಯನಾದೆ. ಅಲ್ಲಿ ಚಹಾ ಹೊತ್ತಿನ ಮಾತು ಎಲ್ಲಿಂದ ಹೊರಟರೂ ಕೊನೆಗೆ ಬಂದು ನಿಲ್ಲುವುದು ಒಂದೇ ದೂರಿನ ಬಳಿ: ಮಾದರಿ ತಯಾರಿಸುವ ಕಂಪನಿಯವರು ಇದನ್ನು ಯಾಕೆ ಮಾಡುವುದಿಲ್ಲ?

"ಇದು" ಎಂದರೆ ಏನು ಎಂಬುದು ತಲೆಗೊಂದು. ಮೇಷ್ಟರಿಗೆ ತಮ್ಮ ತಂದೆ ದಿನವೂ ಕೆಲಸಕ್ಕೆ ಹೋಗುತ್ತಿದ್ದ ಗಾಡಿಯ ಬೋಗಿಗಳು ಬೇಕು. ಬಸ್ ಚಾಲಕರಿಗೆ ಲಂಡನ್ನಿನ ದಕ್ಷಿಣ ಭಾಗದ ಹಳೆಯ ವಿದ್ಯುತ್ ರೈಲು ಬೇಕು. ದಂತವೈದ್ಯರಿಗೆ ಈಗಾಗಲೇ ಸಿಗುವ ಎಂಜಿನ್ನೇ, ಆದರೆ 1938ರಲ್ಲಿ ಅದಕ್ಕಿದ್ದ ಹೊಗೆಕೊಳವೆಯೊಂದಿಗೆ ಬೇಕು. ಈ ಹವ್ಯಾಸದ ಬೇರು ಇರುವುದು ಬಾಲ್ಯದ ನಿಲ್ದಾಣದಲ್ಲಿ. ಬಾಲ್ಯದ ನಿಲ್ದಾಣ ಒಬ್ಬೊಬ್ಬರಿಗೂ ಬೇರೆ. ಎಲ್ಲರ ಆಸೆಗಳನ್ನು ಕೂಡಿಸಿದರೆ ಪಟ್ಟಿ ಉದ್ದವಾಗುತ್ತದೆ, ಆದರೆ ಯಾವ ಒಂದು ಸಾಲಿನ ಕೆಳಗೂ ಸಾಕಷ್ಟು ಹೆಸರು ಸೇರುವುದಿಲ್ಲ. ತಯಾರಕರಿಗೆ ಬೇಕಾಗಿರುವುದು ಇದರ ತದ್ವಿರುದ್ಧ: ಸಾಲು ಒಂದೇ ಇರಲಿ, ಅದರ ಕೆಳಗೆ ಸಾವಿರಾರು ಹೆಸರಿರಲಿ.

ಯಾಕೆ ಎಂದರೆ ಅಚ್ಚು. ಈ ಎಂಜಿನ್ನುಗಳ ಮೈ ಪ್ಲಾಸ್ಟಿಕ್ಕಿನದು. ಕರಗಿದ ಪ್ಲಾಸ್ಟಿಕ್ಕನ್ನು ಭಾರೀ ಒತ್ತಡದಲ್ಲಿ ಉಕ್ಕಿನ ಅಚ್ಚಿನೊಳಗೆ ತುಂಬಿ ತೆಗೆಯುತ್ತಾರೆ. ಕ್ಲಬ್ಬಿನಲ್ಲಿ ಒಮ್ಮೆ ಹೊಸ ಎಂಜಿನ್ನೊಂದನ್ನು ಸ್ಪಂಜಿನ ಮೇಲೆ ಮಗುಚಿಟ್ಟು ಭೂತಗನ್ನಡಿ ಹಿಡಿದು ನೋಡಿದೆವು. ತಲೆಗೂದಲಿಗಿಂತ ಸ್ವಲ್ಪ ದಪ್ಪದ ತಂತಿಯ ಕೈಹಿಡಿ, ಸಾಸಿವೆಗಿಂತ ಚಿಕ್ಕ ರಿವೆಟ್ಟುಗಳ ಸಾಲು, ಬ್ರೇಕಿನ ಕಡ್ಡಿಗಳು, ಚಾಲಕನ ಕೋಣೆಯೊಳಗೆ ಒತ್ತಡ ತೋರಿಸುವ ಗಡಿಯಾರದ ಮುಖ, ಅದರಲ್ಲಿ ಮುಳ್ಳು! ಇಂಥ ವಿವರಗಳಲ್ಲಿ ಹೆಚ್ಚಿನವನ್ನು ಅಚ್ಚಿನಲ್ಲೇ ಕೊರೆಯಬೇಕು. ಒಳಕ್ಕೆ ಬಾಗಿದ ಭಾಗಗಳಿದ್ದರೆ ಅಚ್ಚಿನಲ್ಲೇ ಜಾರುವ ತುಂಡುಗಳನ್ನು ಕೂರಿಸಬೇಕು, ಇಲ್ಲದಿದ್ದರೆ ಎರಕ ಹೊರಗೆ ಬರುವುದೇ ಇಲ್ಲ. ಹಳೆಯ ರೇಖಾಚಿತ್ರ ಹುಡುಕಿ, ಸಂಗ್ರಹಾಲಯದಲ್ಲಿ ಉಳಿದಿರುವ ಎಂಜಿನ್ನನ್ನು ಲೇಸರಿನಿಂದ ಅಳೆದು, ಕಂಪ್ಯೂಟರಿನಲ್ಲಿ ಮೂಡಿಸಿ, ಉಕ್ಕಿನಲ್ಲಿ ಅಚ್ಚು ಕೊರೆಸುವ ಹೊತ್ತಿಗೆ ಖರ್ಚು ಒಂದು ಲಕ್ಷ ಪೌಂಡ್ ದಾಟುವುದು ಈಗ ವಿಶೇಷವೇನಲ್ಲ. ಅಷ್ಟಾದರೂ ಒಂದು ಎಂಜಿನ್ನೂ ಮಾರಾಟವಾಗಿರುವುದಿಲ್ಲ.

ಲೆಕ್ಕಕ್ಕೆಂದು ಈ ಖರ್ಚನ್ನು 1,50,000 ಪೌಂಡ್ ಎಂದಿಟ್ಟುಕೊಳ್ಳೋಣ. 3,000 ಎಂಜಿನ್ ಮಾರಿದರೆ ಒಂದೊಂದರ ತಲೆಯ ಮೇಲೆ ಬೀಳುವುದು 50 ಪೌಂಡ್. 500 ಮಾತ್ರ ಮಾರಿದರೆ 300 ಪೌಂಡ್. ಇದು ಅಚ್ಚಿನ ಪಾಲು ಮಾತ್ರ. ಮೋಟರು, ಗಾಲಿ, ಬಣ್ಣ, ಚೀನಾದ ಕಾರ್ಖಾನೆಯಲ್ಲಿ ಚಿಮಟ ಹಿಡಿದು ತಂತಿ ಕೂರಿಸುವವರ ಕೂಲಿ, ಹಡಗಿನ ಬಾಡಿಗೆ, ಅಂಗಡಿಯವರ ಲಾಭ ಇವೆಲ್ಲ ಇನ್ನೂ ಸೇರಿಲ್ಲ. ಮೇಲೆ ಸರ್ಕಾರದ 20 ಶೇಕಡಾ ಮೌಲ್ಯವರ್ಧಿತ ತೆರಿಗೆ ಇದೆ. ಕೊಳ್ಳುವವನು 200 ಪೌಂಡ್ ಕೊಟ್ಟರೆ ಅದರಲ್ಲಿ 33 ಪೌಂಡಿಗಿಂತ ಹೆಚ್ಚು ನೇರ ಖಜಾನೆಗೆ ಹೋಗುತ್ತದೆ. ಕ್ಲಬ್ಬಿನಲ್ಲಿ ಈ ಲೆಕ್ಕ ಹೇಳಿದರೆ ಯಾರೂ ಅಲ್ಲಗಳೆಯುವುದಿಲ್ಲ. ಎಲ್ಲರೂ ತಲೆಯಾಡಿಸಿ, ಒಂದು ಗುಟುಕು ಚಹಾ ಕುಡಿದು, "ಅದೆಲ್ಲ ಸರಿ, ಆದರೂ ಅದನ್ನೊಂದು ಮಾಡಬಹುದಿತ್ತು" ಎನ್ನುತ್ತಾರೆ.

ಬರ್ಮಿಂಗ್‌ಹ್ಯಾಮಿನ ಎನ್‌ಇಸಿ ಎಂಬ ಪ್ರದರ್ಶನ ಕೇಂದ್ರದಲ್ಲಿ ವಾರ್ಲಿ ಎಂಬ ಮಾದರಿ ರೈಲು ಕ್ಲಬ್ಬಿನವರು ನವೆಂಬರ್ ತಿಂಗಳಲ್ಲಿ ದೊಡ್ಡ ಪ್ರದರ್ಶನ ನಡೆಸುತ್ತಿದ್ದರು. 2023ರದ್ದೇ ಅಲ್ಲಿನ ಕೊನೆಯದಾಯಿತು. ತಯಾರಕರೆಲ್ಲ ಮಳಿಗೆ ಹಾಕುತ್ತಿದ್ದ ಆ ಜಾತ್ರೆಯಲ್ಲಿ ನಮ್ಮ ಮೇಷ್ಟರು ಒಬ್ಬ ಪ್ರತಿನಿಧಿಯನ್ನು ಹಿಡಿದು ನಿಲ್ಲಿಸಿಕೊಂಡಿದ್ದರು. ಮಿಡ್ಲೆಂಡ್ ರೈಲ್ವೆಯ ಆ ಉಪನಗರ ಬೋಗಿಗಳು ಯಾವಾಗ ಬರುತ್ತವೆ ಎಂಬುದು ಪ್ರಶ್ನೆ.

"ಮಾಡಿದರೆ ಎಷ್ಟು ಕೊಳ್ಳುತ್ತೀರಿ, ಸರ್?"

"ಒಂದು ಗಾಡಿಗೆ ಆಗುವಷ್ಟು. ನಾಲ್ಕು."

"ಒಂದಕ್ಕೆ ಎಷ್ಟು ಕೊಡುತ್ತೀರಿ?"

ಮೇಷ್ಟರು ಹೇಳಿದ ಬೆಲೆ ಕೇಳಿ ಆ ಯುವಕ ನಗಲಿಲ್ಲ. ವಿನಯವಾಗಿ ಪುಸ್ತಕದಲ್ಲಿ ಬರೆದುಕೊಂಡ. ಬರೆದುಕೊಳ್ಳುವುದೂ ಅವನ ಕೆಲಸದ ಭಾಗವೇ ಇರಬೇಕು.

ಅವನ ಕಷ್ಟ ಬೋಗಿಯ ವಿಷಯದಲ್ಲಿ ಎರಡು ಪಟ್ಟು. ನಾಲ್ಕು ಬೋಗಿಯ ಗಾಡಿಯಲ್ಲಿ ಬೋಗಿಗಳು ಒಂದೇ ತೆರನಾಗಿರುವುದಿಲ್ಲ. ಒಂದರಲ್ಲಿ ಗಾರ್ಡಿನ ಕೋಣೆ, ಇನ್ನೊಂದು ಪೂರ್ತಿ ಮೂರನೆಯ ದರ್ಜೆ, ಮತ್ತೊಂದು ಎರಡೂ ದರ್ಜೆ ಬೆರೆತದ್ದು. ಬಾಗಿಲು ಕಿಟಕಿಗಳ ಅಂತರ ಬೇರೆ ಆದ ಕೂಡಲೇ ಪಕ್ಕದ ಗೋಡೆಗೆ ಬೇರೆ ಅಚ್ಚು. ಖರ್ಚು ಎಂಜಿನ್ನಿನಷ್ಟೇ ಬಂದರೂ ಬೋಗಿಗೆ ಎಂಜಿನ್ನಿನ ಬೆಲೆ ಕೊಡುವವರಿಲ್ಲ. ಬಸ್ ಚಾಲಕರ ವಿದ್ಯುತ್ ರೈಲೂ ಇದೇ ಸುಳಿಗೆ ಸಿಕ್ಕಿದೆ. ಲಂಡನ್ನಿನ ದಕ್ಷಿಣದಲ್ಲಿ ಲಕ್ಷಾಂತರ ಜನ ದಿನವೂ ಹತ್ತಿ ಇಳಿದ ಗಾಡಿಗಳವು. ಅಂಥವನ್ನು ಕೆಲವು ಕಂಪನಿಗಳು ಮಾಡಿಯೂ ಇವೆ. ಆದರೆ ಎಂಜಿನ್ ಎಂದರೆ ಒಂದೇ ವಸ್ತು, ಕಪಾಟಿನಲ್ಲಿ ಇಟ್ಟರೂ ಚೆಂದ. ನಾಲ್ಕು ಬೋಗಿಯ ವಿದ್ಯುತ್ ಗಾಡಿಯನ್ನು ನಾಲ್ಕನ್ನೂ ಸೇರಿಸಿಯೇ ಕೊಳ್ಳಬೇಕು, ಬೆಲೆಯೂ ಒಟ್ಟಿಗೇ ಬಂದು ಎದೆಗೆ ಬಡಿಯುತ್ತದೆ. ನಿಜವಾದ ರೈಲ್ವೆಯಲ್ಲಿ ಎಂಜಿನ್ನು ಕಡಿಮೆ, ಬೋಗಿ ವ್ಯಾಗನ್ನು ಹೆಚ್ಚು. ನಮ್ಮ ಸದಸ್ಯರ ಕಪಾಟು ತೆರೆದರೆ ಲೆಕ್ಕ ತಿರುವುಮುರುವು.

ಹಾಗಾದರೆ ಗಿಟ್ಟುವುದು ಯಾವುದು? ಒಂದೇ ಅಚ್ಚಿನಿಂದ ಹತ್ತಾರು ವೇಷ ತೆಗೆಯಬಹುದಾದದ್ದು. ಗ್ರೇಟ್ ವೆಸ್ಟರ್ನ್ ರೈಲ್ವೆಯ 5700 ವರ್ಗದ ಎಂಜಿನ್ ಇದಕ್ಕೆ ಅಚ್ಚುಕಟ್ಟಾದ ಉದಾಹರಣೆ. ಬಾಯ್ಲರಿನ ಎರಡು ಪಕ್ಕಕ್ಕೂ ನೀರಿನ ತೊಟ್ಟಿ ನೇತುಹಾಕಿಕೊಂಡ, ಗಿಡ್ಡ ಮೈಯ, ಯಾವ ಆಡಂಬರವೂ ಇಲ್ಲದ ದುಡಿಮೆಯ ಎಂಜಿನ್. 1929ರಿಂದ 1950ರವರೆಗೆ 863 ತಯಾರಾದವು. ಮೊದಲು ಕಂಪನಿಯ ಹಸಿರು. 1948ರ ಜನವರಿ 1ರಂದು ರೈಲ್ವೆಗಳು ರಾಷ್ಟ್ರೀಕರಣಗೊಂಡ ಮೇಲೆ ಬ್ರಿಟಿಷ್ ರೈಲ್ವೇಸಿನ ಕಪ್ಪು. ಆ ಕಪ್ಪಿನ ಮೇಲೂ ಮೊದಲೊಂದು ಲಾಂಛನ, 1956ರಿಂದ ಇನ್ನೊಂದು. ಲಂಡನ್ ಟ್ರಾನ್ಸ್‌ಪೋರ್ಟ್ ಸಂಸ್ಥೆ ಇವುಗಳಲ್ಲಿ 13ನ್ನು ಕೊಂಡು ಕೆಂಪು ಬಳಿದು 1971ರವರೆಗೆ ಓಡಿಸಿತು. ಚಾಲಕನ ಕೋಣೆ ಎರಡು ಬಗೆ, ಅದಕ್ಕೆ ಅಚ್ಚಿನಲ್ಲಿ ಬದಲಿಸಬಹುದಾದ ಒಂದು ತುಂಡು ಇಟ್ಟರೆ ಸಾಕು. ಉಳಿದದ್ದೆಲ್ಲ ಬಣ್ಣ ಮತ್ತು ನಂಬರು. ಈ ವರ್ಷ ಹಸಿರು, ಮುಂದಿನ ವರ್ಷ ಕಪ್ಪು, ಅದರಾಚೆ ಕೆಂಪು ಎಂದು ವರ್ಷಗಟ್ಟಲೆ ಮಾರಬಹುದು. ಹಸಿರನ್ನು ಕೊಂಡವನೇ ಕೆಂಪನ್ನೂ ಕೊಳ್ಳುತ್ತಾನೆ ಎಂಬುದು ಕಂಪನಿಗೆ ಗೊತ್ತು. ನನ್ನ ಬಳಿಯೂ ಎರಡೂ ಇವೆ.

ಡೀಸೆಲ್‌ನಲ್ಲಿ ಆ ಪಾತ್ರ 66 ವರ್ಗದ್ದು. ಕೆನಡಾದ ಒಂಟಾರಿಯೊದಲ್ಲಿ ತಯಾರಾಗಿ 1998ರಿಂದ ಬ್ರಿಟನ್ನಿಗೆ ಬಂದ ಈ ಸರಕು ಎಂಜಿನ್ ನೋಡಲು ಷೆಡ್ಡಿಗೆ ಗಾಲಿ ಕಟ್ಟಿದಂತಿದೆ. ಚೆಲುವಿನ ಮಾತು ಬೇಡ. ಆದರೆ ದೇಶದ ಮೂಲೆಮೂಲೆಯಲ್ಲಿ ಓಡುತ್ತದೆ, ಹಲವು ಕಂಪನಿಗಳ ಕೈಯಲ್ಲಿದೆ, ವಿಶೇಷ ಬಣ್ಣಗಳಿಗಂತೂ ಕೊನೆಯಿಲ್ಲ. ಒಂದಕ್ಕಿಂತ ಹೆಚ್ಚು ತಯಾರಕರು ಇದರ ಹಿಂದೆ ಬಿದ್ದದ್ದರಲ್ಲಿ ಆಶ್ಚರ್ಯವಿಲ್ಲ.

ಇಷ್ಟು ಹೇಳಿದ ಮೇಲೆ ಲೆಕ್ಕಕ್ಕೇ ಸೊಪ್ಪು ಹಾಕದ ಒಂದು ಜಾತಿಯ ಬಗ್ಗೆಯೂ ಹೇಳಬೇಕು. ಎಂಜಿನ್ ವಿನ್ಯಾಸಕ ನೈಜೆಲ್ ಗ್ರೆಸ್ಲಿ 1929ರಲ್ಲಿ 10000 ನಂಬರಿನ ಎಂಜಿನ್ ಕಟ್ಟಿಸಿದರು. ಹಡಗಿನಲ್ಲಿ ಬಳಸುವ ಬಗೆಯ ಬಾಯ್ಲರು, ಬಹಳ ಗುಟ್ಟಾಗಿ ನಡೆದ ಕೆಲಸವಾದ್ದರಿಂದ "ಹಷ್ ಹಷ್" ಎಂಬ ಅಡ್ಡಹೆಸರು. ಊರಿಗೊಬ್ಬಳೇ ಪದ್ಮಾವತಿ, ಅದರ ಜೋಡಿಯೇ ಇರಲಿಲ್ಲ. ನಾನು ಮೇಲೆ ಹೇಳಿದ ತರ್ಕದ ಪ್ರಕಾರ ಅದನ್ನು ಯಾರೂ ಮುಟ್ಟಬಾರದು. ಆದರೂ ಮಾದರಿ ರೈಲು ತಯಾರಿಸುವ ಹಾರ್ನ್‌ಬಿ ಕಂಪನಿ ಅದರ ಮಾದರಿಯನ್ನು ತಂದಿತು. ಟರ್ಬೈನಿನಿಂದ ಓಡುತ್ತಿದ್ದ 6202 ಎಂಬ ಮತ್ತೊಂದು ಒಂಟಿ ಎಂಜಿನ್ನಿನದ್ದನ್ನೂ ತಂದಿತು. ನಿಜವಾದ ರೈಲ್ವೆಯಲ್ಲಿ ಎಷ್ಟಿದ್ದವು ಎಂಬುದಕ್ಕಿಂತ ಎಷ್ಟು ಜನರ ಬಾಯಲ್ಲಿ ಅದರ ಕಥೆ ಉಳಿದಿದೆ ಎಂಬುದು ಇಲ್ಲಿ ಮುಖ್ಯವಾಗುತ್ತದೆ. ಯಾವುದೇ ನಿಲ್ದಾಣದ ನೆನಪಿಗೂ ಕಟ್ಟುಬೀಳದ ಎಂಜಿನ್ನಾದ್ದರಿಂದ ಎಲ್ಲ ಊರಿನವರೂ ಕೊಳ್ಳಬಹುದು. ಮೇಷ್ಟರಿಗೆ ಇದು ಮೈಯುರಿ. "ದಿನವೂ ಜನರನ್ನು ಹೊತ್ತ ಬೋಗಿ ಬೇಡ, ಕೆಲಸಕ್ಕೆ ಬಾರದ ವಿಚಿತ್ರ ಬೇಕು" ಎಂದು ಗೊಣಗುತ್ತಾರೆ. ನನಗೆ ಮೇಷ್ಟರ ಮಾತೇ ಸರಿ ಎನಿಸುತ್ತದೆ, ಆದರೆ ಕಂಪನಿಯಲ್ಲಿ ನಾನಿದ್ದಿದ್ದರೆ ಹಷ್ ಹಷ್ ಅನ್ನೇ ಮಾಡುತ್ತಿದ್ದೆ.

ಬ್ರಿಟನ್ನಿನ ಮಾರುಕಟ್ಟೆ ಚಿಕ್ಕದಾಗಿರುವುದಕ್ಕೆ ಒಂದು ತಮಾಷೆಯ ಕಾರಣವೂ ಇದೆ. ಯುರೋಪು, ಅಮೆರಿಕಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎಚ್‌ಒ ಎಂಬ ಪ್ರಮಾಣ, ಅಂದರೆ ನಿಜದ 87ರಲ್ಲಿ ಒಂದು ಪಾಲು. ಅದಕ್ಕೆ 16.5 ಮಿಲಿಮೀಟರ್ ಅಗಲದ ಹಳಿ ಸರಿಯಾಗಿ ಹೊಂದುತ್ತದೆ. ಆದರೆ ಬ್ರಿಟಿಷ್ ಎಂಜಿನ್ನುಗಳ ಮೈಕಟ್ಟು ಸಣ್ಣದು. ಆ ಪ್ರಮಾಣದಲ್ಲಿ ಮಾಡಿದರೆ ಅಂದಿನ ಮೋಟರುಗಳು ಒಳಗೆ ಹಿಡಿಸುತ್ತಿರಲಿಲ್ಲ. ಅದಕ್ಕೆಂದು ಹಳಿಯನ್ನು ಹಾಗೆಯೇ ಬಿಟ್ಟು ಎಂಜಿನ್ನನ್ನು ಮಾತ್ರ 76ರಲ್ಲಿ ಒಂದು ಪಾಲಿಗೆ ಹಿಗ್ಗಿಸಿದರು. ಇದೇ ಓಓ. ಈ ಪ್ರಮಾಣಕ್ಕೆ ಹಳಿ 18.83 ಮಿಲಿಮೀಟರ್ ಇರಬೇಕಿತ್ತು. ಅಷ್ಟೇ ಇರಬೇಕೆಂದು ಹಟ ಹಿಡಿದು ಗಾಲಿಗಳನ್ನೆಲ್ಲ ಬದಲಿಸಿಕೊಳ್ಳುವ ಪಂಗಡವೂ ಇದೆ, ಅವರ ಜೊತೆ ವಾದಕ್ಕೆ ಇಳಿಯಬಾರದು. ಮೋಟರು ಬೆರಳಿನ ತುದಿಯಷ್ಟಾದ ಈ ಕಾಲದಲ್ಲೂ ಓಓ ಉಳಿದುಕೊಂಡಿದೆ. ಜರ್ಮನಿಗೆ ಮಾಡಿದ ಸಿಗ್ನಲ್ಲು, ಮನೆ, ಮನುಷ್ಯರ ಬೊಂಬೆ ಇಲ್ಲಿ ಕುಳ್ಳಾಗಿ ಕಾಣುತ್ತವೆ, ಇಲ್ಲಿ ಮಾಡಿದ್ದು ಅಲ್ಲಿ ದೈತ್ಯವಾಗುತ್ತದೆ. ಅಚ್ಚಿನ ಖರ್ಚನ್ನು ಈ ಒಂದು ದ್ವೀಪದ ಗಿರಾಕಿಗಳೇ ಹೊರಬೇಕು.

ಇಷ್ಟು ಚಿಕ್ಕ ಮಾರುಕಟ್ಟೆಯಲ್ಲೂ ಕೆಲವೊಮ್ಮೆ ಇಬ್ಬರು ಒಂದೇ ಎಂಜಿನ್ನಿನ ಮೇಲೆ ಕೈಯಿಡುತ್ತಾರೆ. ಟೆರಿಯರ್ ಎಂಬ ಪುಟ್ಟ ಎಂಜಿನ್ ಒಟ್ಟು ತಯಾರಾದದ್ದೇ 50. ಅದರ ಹೊಸ ಮಾದರಿಯನ್ನು ಡೇಪೋಲ್ ಮತ್ತು ಹಾರ್ನ್‌ಬಿ ಒಂದರ ಬೆನ್ನಿಗೊಂದು ಪ್ರಕಟಿಸಿದವು. ಯೋಜನೆಗಳನ್ನೆಲ್ಲ ಗುಟ್ಟಾಗಿಟ್ಟುಕೊಂಡರೆ ಇನ್ನೇನಾಗುತ್ತದೆ?

ಬಾಯಿಮಾತಿನ ಆಸೆಗೂ ಜೇಬಿನ ಆಸೆಗೂ ಇರುವ ಅಂತರವನ್ನು ಅಳೆಯಲು ಈಗ ಹಲವರು ಹಿಡಿದಿರುವ ದಾರಿ ಮುಂಗಡ ಬುಕಿಂಗ್. ಚಿತ್ರ ತೋರಿಸಿ, ಇಷ್ಟು ಜನ ಹೆಸರು ಕೊಟ್ಟರೆ ಅಚ್ಚಿಗೆ ಕೈ ಹಾಕುತ್ತೇವೆ ಎನ್ನುತ್ತಾರೆ. ರೆವಲ್ಯೂಷನ್ ಟ್ರೇನ್ಸ್ ಎಂಬ ಸಣ್ಣ ಸಂಸ್ಥೆ ಹೀಗೆಯೇ ಜನರಿಂದ ಮೊದಲೇ ಹಣ ಕೂಡಿಸಿ, ಓಓಗಿಂತ ಚಿಕ್ಕದಾದ ಎನ್ ಗೇಜಿನಲ್ಲಿ ಪೆಂಡೊಲಿನೊ ಎಂಬ ಉದ್ದನೆಯ ವಿದ್ಯುತ್ ರೈಲನ್ನು ತಂದಿತು. ದೊಡ್ಡ ಕಂಪನಿಗಳು ಮುಟ್ಟದೆ ಬಿಟ್ಟಿದ್ದ ವಸ್ತು ಅದು. ಹಾಗೆಂದು ಎಲ್ಲ ಕಡೆ ಹೀಗೆ ಸುಖಾಂತವಾಗಿಲ್ಲ. ಇನ್ನೊಂದು ಸಣ್ಣ ಕಂಪನಿ 2019ರಲ್ಲಿ ಬಾಗಿಲು ಹಾಕಿದಾಗ ಮುಂಗಡ ಕೊಟ್ಟವರ ಹಣ ಮುಳುಗಿತು. ಮುಂಗಡದ ವ್ಯವಸ್ಥೆಯಲ್ಲಿ ಕಂಪನಿಯ ಭಾರದ ಒಂದು ಪಾಲು ಗಿರಾಕಿಯ ಹೆಗಲಿಗೆ ಬರುತ್ತದೆ. ಒಪ್ಪಿಗೆಯಿದ್ದರೆ ಹೊರಬೇಕು, ಇಲ್ಲದಿದ್ದರೆ ಇರುವುದನ್ನು ಕೊಂಡು ತೃಪ್ತಿಪಡಬೇಕು. ಮೂರನೆಯ ದಾರಿ ಕೈಯಲ್ಲೇ ಕಟ್ಟುವುದು. ಮೇಷ್ಟರ ಬೋಗಿಗಳ ಬಗೆಯವು ಬಿಡಿಭಾಗಗಳ ಪೊಟ್ಟಣವಾಗಿ ಬಹಳ ಹಿಂದಿನಿಂದ ಸಿಗುತ್ತವೆ. ಗೋಂದು, ಚಾಕು, ತಾಳ್ಮೆ ಬೇಕು ಅಷ್ಟೇ. ಅವರು ಎರಡನ್ನು ಕಟ್ಟಿದ್ದಾರೆ, ಅಂದವಾಗಿಯೇ ಬಂದಿವೆ. ಉಳಿದೆರಡು ಕಂಪನಿಯಿಂದ ಬರಲಿ ಎಂದು ಕಾಯುತ್ತಿದ್ದಾರೆ.

ಕಾಯುವುದಕ್ಕೂ ವಯಸ್ಸಿನ ಮಿತಿ ಇದೆ ಎಂಬುದು ಕಂಪನಿಗಳ ಲೆಕ್ಕದ ಕಹಿ ಭಾಗ. ಬ್ರಿಟಿಷ್ ರೈಲ್ವೇಸಿನ ಮುಖ್ಯ ಮಾರ್ಗಗಳಲ್ಲಿ ಉಗಿ ಎಂಜಿನ್ನಿನ ನಿತ್ಯದ ಓಡಾಟ 1968ರ ಆಗಸ್ಟಿನಲ್ಲಿ ಮುಗಿಯಿತು. ಅದನ್ನು ಕಣ್ಣಾರೆ ಕಂಡ ಹತ್ತು ವರ್ಷದ ಹುಡುಗನಿಗೆ ಈಗ ಅರವತ್ತೈದು ದಾಟಿದೆ. 1980, 90ರ ದಶಕಗಳ ಡೀಸೆಲ್ ಎಂಜಿನ್ನುಗಳು ಅಂಗಡಿಯಲ್ಲಿ ಹೆಚ್ಚುತ್ತಿರುವುದು ಸುಮ್ಮನೆ ಅಲ್ಲ. ಆ ಕಾಲದ ಹುಡುಗರ ಕೈಯಲ್ಲಿ ಈಗ ಸಂಬಳವಿದೆ.

ಹೊಸಬರನ್ನು ಸೆಳೆಯಲು 2022ರಲ್ಲಿ ಹಾರ್ನ್‌ಬಿ ಟಿಟಿ:120 ಎಂಬ ಪ್ರಮಾಣಕ್ಕೆ ಇಳಿಯಿತು. ನಿಜದ 120ರಲ್ಲಿ ಒಂದು ಪಾಲು, 12 ಮಿಲಿಮೀಟರ್ ಹಳಿ, ಅಳತೆಯೂ ಸರಿಯಾಗಿ ಕೂಡುತ್ತದೆ, ಮನೆಯಲ್ಲಿ ಜಾಗವೂ ಕಡಿಮೆ ಸಾಕು. ಮೊದಮೊದಲು ಅಂಗಡಿಗಳಿಗೆ ಕೊಡದೆ ನೇರವಾಗಿ ಗಿರಾಕಿಗೇ ಮಾರಿತು. 1957ರಲ್ಲಿ ಟ್ರೈಯಾಂಗ್ ಕಂಪನಿ ಇದೇ 12 ಮಿಲಿಮೀಟರ್ ಹಳಿಯ ಮೇಲೆ ತನ್ನದೊಂದು ಟಿಟಿ ತಂದು, 60ರ ದಶಕದಲ್ಲಿ ಕೈಬಿಟ್ಟಿತ್ತು. ಈ ಸಲ ಹೇಗಾಗುತ್ತದೋ ನೋಡಬೇಕು. ಕಪಾಟು ತುಂಬ ಓಓ ಇಟ್ಟುಕೊಂಡವರು ಅಷ್ಟು ಸುಲಭಕ್ಕೆ ಹಳಿ ಬದಲಿಸುವುದಿಲ್ಲ. ನಮ್ಮ ಕ್ಲಬ್ಬಿನಲ್ಲಿ ಪಾದ್ರಿಗಳೊಬ್ಬರೇ ಟಿಟಿ ಕೊಂಡವರು, ಅವರ ಮನೆಯಲ್ಲಿ ಮೇಜಿನಷ್ಟೇ ಜಾಗ. ಮೊದಲ ಡಬ್ಬಿ ಬಿಚ್ಚಿದ ಸಂಜೆಯೇ ಕಂಪನಿಯವರು ಇದರಲ್ಲಿ ಇನ್ನೂ ಏನೇನು ಮಾಡಬೇಕು ಎಂದು ಒಂದು ಪಟ್ಟಿ ಬರೆದು ಗೋಡೆಗೆ ಅಂಟಿಸಿದ್ದಾರೆ.