ಜೋಗಿಮಟ್ಟಿಯ ಬಂದರಿಕೆ ಗಿಡ

ನಿನ್ನೆ ಚಿತ್ರದುರ್ಗದ ಜೋಗಿಮಟ್ಟಿ ಗುಡ್ಡದ ಕಡೆ ಹೋಗಿದ್ದೆ. ದಾರಿ ಪಕ್ಕದ ಬಂದರಿಕೆ ಗಿಡದ ಎಲೆ ಮುಟ್ಟಿದರೆ ಬೆರಳಿಗೆ ಅಂಟಂಟು. ಗಿಡ ತಾನೇ ಬಳಿದುಕೊಂಡ ಆ ಅಂಟು ಒಳಗಿನ ನೀರು ಬೇಗ ಆರದಂತೆ ಕಾಯುತ್ತದೆ.

ಮಳೆ ಕೈಕೊಟ್ಟರೆ ಎಲೆಯ ಸಣ್ಣ ಸಣ್ಣ ರಂಧ್ರಗಳೂ ಮುಚ್ಚಿಕೊಳ್ಳುತ್ತವೆ. ನೀರೇನೋ ಉಳಿಯುತ್ತದೆ. ಆದರೆ ಗಾಳಿ ಒಳಗೆ ಬರುವುದು ಕಡಿಮೆ, ಹಾಗಾಗಿ ಗಿಡಕ್ಕಾಗಿ ಎಲೆ ಮಾಡುವ ಅಡುಗೆಯೂ ಕಡಿಮೆ. ಹೊಸ ಚಿಗುರು ಗಿಡ್ಡ, ಎಲೆ ಸಣ್ಣ. ಇದ್ದುದರಲ್ಲೇ ಬೇರಿಗೆ ಜಾಸ್ತಿ ಪಾಲು.

2023ರಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿದ್ದರು. ಅಂಥ ವರ್ಷವನ್ನೂ ಈ ಗುಡ್ಡ ದಾಟಿ ಬಂದಿದೆ. ಒಂದು ರೆಂಬೆ ಹಿಡಿದು ನೋಡಿದೆ, ಎಲೆ ಹುಟ್ಟುವ ಗಂಟುಗಳು ಒತ್ತೊತ್ತಾಗಿ ಕೂತಿದ್ದವು. ಬೆಳೆಯದೆ ತಡೆದುಕೊಂಡ ದಿನಗಳ ಗುರುತು ಅಲ್ವಾ ಅದು? ಇದನ್ನು ಬರೀ ಕುರುಚಲು ಅಂತ ಸುಮ್ನೆ ಕಡಿದು ಹಾಕುವುದನ್ನು ಕಂಡರೆ ಕರುಳು ಚುರ್ ಅನ್ನುತ್ತದೆ.